ಮಿಷಿನ್ ಕೊಟ್ಟವರು ಪುಸ್ತಕ ಯಾಕೆ ಕೊಡಲಿಲ್ಲ?

ಹ್ಯಾಮರ್ ಡ್ರಿಲ್ ಮಿಷಿನ್ ಅಂಗಡಿಯಿಂದ ಬರುವಾಗ ಪೆಟ್ಟಿಗೆಯಲ್ಲಿ ನಾಲ್ಕು ಸಾಮಾನು ಇರುತ್ತವೆ. ಮಿಷಿನ್ನು, ಪಕ್ಕಕ್ಕೆ ಸಿಕ್ಕಿಸುವ ಹಿಡಿ, ಆಳ ಅಳೆಯುವ ಕಡ್ಡಿ, ಒಂದು ಪುಸ್ತಕ. ನಮ್ಮ ಹುಡುಗರ ಕೈಗೆ ಬರುವ ಹೊತ್ತಿಗೆ ಎಷ್ಟೋ ಸಲ ಮಿಷಿನ್ನು ಮಾತ್ರ ಉಳಿದಿರುತ್ತದೆ. ಹಿಡಿ ಕಳೆದುಹೋಗಿರುತ್ತದೆ. ಕಡ್ಡಿ ಯಾವನೋ ಬಿಸಾಕಿರುತ್ತಾನೆ. ಪುಸ್ತಕ ಪೆಟ್ಟಿಗೆಯ ಜೊತೆ ರದ್ದಿಗೆ ಹೋಗಿರುತ್ತದೆ. ಹೋಗದೆ ಉಳಿದರೂ ಇಂಗ್ಲಿಷಿನಲ್ಲಿರುತ್ತದೆ. ಬೆಳಿಗ್ಗೆ ಮೇಸ್ತ್ರಿ ಮಿಷಿನ್ ಕೈಗಿಟ್ಟು ಹೇಳುವುದು ಒಂದೇ ಮಾತು: "ಬಟನ್ ಒತ್ತು, ನೂಕು."

ಆಮೇಲೆ ಒಂದು ದಿನ ಬಿಟ್ಟು ಕಂಬಿಗೆ ಸಿಕ್ಕಿಕೊಂಡು ಮಿಷಿನ್ನೇ ಗಿರ್ರನೆ ತಿರುಗಿ ಹುಡುಗನ ಮಣಿಕಟ್ಟು ಮುರೀತದೆ. ಇಲ್ಲಾ ಗೋಡೆಯೊಳಗಿನ ವೈರಿಗೆ ತಾಗಿ ಏಣಿ ಮೇಲಿಂದ ಬೀಳ್ತಾನೆ. ಇಲ್ಲಾ ಹತ್ತು ಹದಿನೈದು ವರ್ಷ ಧೂಳು ಕುಡಿದು ನಲವತ್ತಕ್ಕೆ ಮುದುಕನಾಗ್ತಾನೆ. ಆಗ ಕಂಟ್ರಾಕ್ಟರು, ಇಂಜಿನಿಯರು, ಪೊಲೀಸಿನವರು, ಪೇಪರಿನವರು ಎಲ್ಲ ಸೇರಿ ಒಂದೇ ಪದ ಬರೀತಾರೆ: "ಕೆಲಸಗಾರನ ಅಜಾಗರೂಕತೆ".

ನಾವು ಈ ಪದವನ್ನು ಒಪ್ಪುವುದಿಲ್ಲ. ಪಾಠ ಹೇಳದೆ ಪರೀಕ್ಷೆ ಇಟ್ಟು, ಹುಡುಗ ದಡ್ಡ ಅಂತ ಫೇಲು ಮಾಡುವ ಮೇಷ್ಟ್ರ ನ್ಯಾಯ ಇದು. ಹಿಂದೆ ನಮ್ಮವರು ಸತ್ತರೆ ಹೋದ ಜನ್ಮದ ಕರ್ಮ ಅನ್ನುತ್ತಿದ್ದರು. ಈಗ ಅಜಾಗರೂಕತೆ ಅನ್ನುತ್ತಾರೆ. ಎರಡು ಲೆಕ್ಕದಲ್ಲೂ ತಪ್ಪು ಸತ್ತವನದೇ. ಕೊಂದವನ ಹೆಸರು ಎರಡರಲ್ಲೂ ಇಲ್ಲ.

ಈ ಹಾಳೆಯಲ್ಲಿ ಡ್ರಿಲ್ ಮಿಷಿನ್ ವಿಷಯ ಯಾಕೆ ಅಂತ ಕೆಲವರು ಕೇಳಬಹುದು. ರಜ ಬಂದರೆ ಫೀಸಿಗೆ, ಬಟ್ಟೆಗೆ ಅಂತ ಸೈಟಿಗೆ ಹೋಗುವವರು ಯಾರು? ಹಾಸ್ಟೆಲಿನ ಹುಡುಗರು. ನಿಮ್ಮ ಅಣ್ಣ, ಮಾವ, ಅಪ್ಪ ಎಲ್ಲಿದ್ದಾರೆ? ಯಾವುದೋ ಅಪಾರ್ಟ್‌ಮೆಂಟಿನ ಆರನೇ ಮಹಡಿಯಲ್ಲಿ ಗೋಡೆ ಕೊರೆಯುತ್ತಿದ್ದಾರೆ. ಈ ನಾಡಿನ ಕೆರೆ, ಕೋಟೆ, ಗುಡಿಗಳಿಗೆ ಕಲ್ಲು ಒಡೆದವರು ಯಾವ ಜಾತಿಯವರು ಅಂತ ಭೋವಿ ಕೇರಿಗೆ ಹೋಗಿ ಕೇಳಿ. ಉಳಿ ಸುತ್ತಿಗೆ ಹೋಗಿ ಕರೆಂಟಿನ ಮಿಷಿನ್ ಬಂತು. ಕೈ ಬದಲಾಗಲಿಲ್ಲ. ಆದ್ದರಿಂದ ಈ ಮಿಷಿನ್ನಿನ ವಿಷಯ ನಮ್ಮ ವಿಷಯ. ಅವರು ರದ್ದಿಗೆ ಹಾಕಿದ ಪುಸ್ತಕವನ್ನು ನಾವೇ ಕನ್ನಡದಲ್ಲಿ ಬರೆಯುತ್ತೇವೆ.

ಒಳಗೆ ಏನು ನಡೀತದೆ

ಅಂಗಡಿಯಲ್ಲಿ ಸಿಗುವುದು ಎರಡು ಜಾತಿಯ ಮಿಷಿನ್. ಮೊದಲನೆಯದು ಇಂಪ್ಯಾಕ್ಟ್ ಡ್ರಿಲ್. ಒಳಗೆ ಹಲ್ಲಿರುವ ಎರಡು ಬಿಲ್ಲೆಗಳು ಒಂದರ ಮೇಲೊಂದು ಉಜ್ಜಿ ಕುಣಿಯುತ್ತವೆ, ಅದೇ ಪೆಟ್ಟು. ಇಟ್ಟಿಗೆ ಗೋಡೆಗೆ, ಸಣ್ಣ ತೂತಿಗೆ ಸಾಕು. ಎರಡನೆಯದು ರೋಟರಿ ಹ್ಯಾಮರ್. ಅದರೊಳಗೆ ಒಂದು ಪಿಸ್ಟನ್ ಗಾಳಿಯನ್ನು ಅದುಮಿ, ಆ ಗಾಳಿಯ ಬಲದಿಂದ ಗುಂಡನ್ನು ಬಿಟ್ಟಿನ ಬೆನ್ನಿಗೆ ಹೊಡೆಸುತ್ತದೆ. ಆರ್‌ಸಿಸಿ ಕೊರೆಯುವುದಕ್ಕೆ ಇದೇ ಬೇಕು.

ಈ ವ್ಯತ್ಯಾಸ ಹೇಳದ ಮೇಸ್ತ್ರಿ ಇಂಪ್ಯಾಕ್ಟ್ ಡ್ರಿಲ್ ಕೊಟ್ಟು ತೊಲೆ ಕೊರೆಯಲು ಹಚ್ಚುತ್ತಾನೆ. ಹುಡುಗ ಎದೆ ಕೊಟ್ಟು, ಹೊಟ್ಟೆ ಕೊಟ್ಟು ನೂಕುತ್ತಾನೆ. ಇತ್ತ ರೋಟರಿ ಹ್ಯಾಮರ್ ಸಿಕ್ಕವನೂ ಹಾಗೇ ನೂಕುತ್ತಾನೆ, ಯಾಕೆಂದರೆ ಅವನಿಗೆ ಗೊತ್ತಿರುವುದು ಅದೊಂದೇ. ರೋಟರಿ ಹ್ಯಾಮರಿಗೆ ಮೈಭಾರ ಬೇಡ. ಬಿಟ್ಟು ಗೋಡೆಗೆ ಕೂತಿರುವಷ್ಟು ಒತ್ತಿದರೆ ಸಾಕು, ಪೆಟ್ಟು ಅದೇ ಹೊಡೆದುಕೊಳ್ಳುತ್ತದೆ. ಹೆಚ್ಚು ಒತ್ತಿದರೆ ತೂತು ಬೇಗ ಆಗೋದಿಲ್ಲ. ಅದುರಾಟ ಕೈಗೆ ಹೆಚ್ಚು ಬರ್ತದೆ, ಬಿಟ್ಟು ಸಿಕ್ಕಿಕೊಂಡಾಗ ಜೊತೆಗೆ ನೀವೂ ತಿರುಗ್ತೀರಿ.

ಆ ಕಳೆದುಹೋದ ಹಿಡಿಯ ಮಾತು ಈಗ ಬಂತು. ಬಿಟ್ಟು ಓಡುತ್ತಿರುವಾಗ ಕಂಬಿಗೆ ಸಿಕ್ಕಿ ಗಕ್ಕನೆ ನಿಂತರೆ ಆ ತಿರುಗುವ ಬಲ ಎಲ್ಲಿಗೆ ಹೋಗಬೇಕು? ಮಿಷಿನ್ನಿನ ಮೈಗೆ ಬರುತ್ತದೆ, ಅಲ್ಲಿಂದ ಹಿಡಿದ ಕೈಗೆ. ಒಂದು ಕೈಯಲ್ಲಿ ಹಿಡಿದಿದ್ದರೆ ಮಣಿಕಟ್ಟು ಹೋಯಿತು. ಪಕ್ಕದ ಹಿಡಿ ಹಾಕಿ ಎರಡು ಕೈಯಲ್ಲಿ, ಕಾಲು ಅಗಲಿಸಿ ನಿಂತಿದ್ದರೆ ತಡೆಯಬಹುದು. ಒಳ್ಳೇ ಮಿಷಿನ್ನಿನಲ್ಲಿ ಆಗ ಜಾರಿಕೊಳ್ಳುವ ಕ್ಲಚ್ಚೂ ಇರುತ್ತದೆ. ಸವೆದ ಬಾಡಿಗೆ ಮಿಷಿನ್ನಿನಲ್ಲಿ ಅದನ್ನು ನಂಬಬೇಡಿ. ಬಟನ್ನನ್ನು ಒತ್ತಿಟ್ಟುಕೊಳ್ಳುವ ಲಾಕನ್ನು ಏಣಿ ಮೇಲೆ ಯಾವತ್ತೂ ಹಾಕಬೇಡಿ. ಹಾಕಿದರೆ ಕೈ ಬಿಟ್ಟರೂ ಮಿಷಿನ್ ನಿಲ್ಲೋದಿಲ್ಲ. ಡ್ರಮ್ಮಿನ ಮೇಲೆ, ಇಟ್ಟಿಗೆ ಜೋಡಿಸಿದ ಹಲಗೆ ಮೇಲೆ ನಿಂತು ಕೊರೆಯುವ ಕೆಲಸಕ್ಕೆ ಆಗೋದಿಲ್ಲ ಅನ್ನಿ. ಕೊರಳಿಗೆ ಟವಲ್, ಅಗಲವಾದ ತೋಳು, ಸಡಿಲ ಗ್ಲೌಸು, ಇಳಿಬಿದ್ದ ದಾರ ಯಾವುದೂ ಬಿಟ್ಟಿನ ಹತ್ತಿರ ಇರಬಾರದು. ಬಿಟ್ಟು ಬದಲಾಯಿಸುವಾಗ ಮೊದಲು ಪ್ಲಗ್ ಕೀಳಿ. ಈಗ ತಾನೇ ಕೊರೆದ ಬಿಟ್ಟನ್ನು ಬರಿಗೈಯಲ್ಲಿ ಮುಟ್ಟಬೇಡಿ, ಸುಡ್ತದೆ. ಕಣ್ಣಿಗೆ ಕನ್ನಡಕ ಇಲ್ಲದೆ ಮೇಲ್ಛಾವಣಿ ಕೊರೆಯಬೇಡಿ.

ಧೂಳು ಕುಡಿಯುವ ಕೂಲಿ

ಮಣಿಕಟ್ಟು ಮುರಿದರೆ ಅದೇ ದಿನ ಗೊತ್ತಾಗುತ್ತದೆ. ಧೂಳಿನ ಸಾವು ಹಾಗಲ್ಲ, ಸಾಲದ ಬಡ್ಡಿಯ ಹಾಗೆ ಒಳಗೊಳಗೇ ಬೆಳೆಯುತ್ತದೆ.

12 ಎಂ.ಎಂ. ಬಿಟ್ಟಿನಲ್ಲಿ 80 ಎಂ.ಎಂ. ಆಳದ ಒಂದು ತೂತು ಹಾಕಿದರೆ ಸುಮಾರು 20 ಗ್ರಾಂ ಪುಡಿ ಬರುತ್ತದೆ. ಬಹುಪಾಲು ಕೆಳಗೆ ಬೀಳುತ್ತದೆ, ಅದು ಕಣ್ಣಿಗೆ ಕಾಣುತ್ತದೆ. ಕೊಲ್ಲುವುದು ಕಾಣದೆ ಇರುವುದು. ನಮ್ಮ ಕಾಂಕ್ರೀಟು ಅಂದರೆ ಏನು? ಗ್ರಾನೈಟ್ ಜೆಲ್ಲಿ, ಮರಳು, ಇಲ್ಲವೇ ಅದೇ ಕಲ್ಲನ್ನು ಪುಡಿ ಮಾಡಿದ ಎಂ-ಸ್ಯಾಂಡ್. ಇವುಗಳಲ್ಲಿ ಬೆಣಚುಕಲ್ಲಿನ ಅಂಶ ಇದೆ, ಅದನ್ನೇ ಸಿಲಿಕಾ ಅನ್ನುತ್ತಾರೆ. ಮಿಲಿಮೀಟರಿನ ಸಾವಿರದ ಒಂದು ಭಾಗ, ನಾಲ್ಕು ಭಾಗದಷ್ಟು ಸಣ್ಣಗಾದ ಸಿಲಿಕಾ ಮೂಗಿನಲ್ಲಿ ನಿಲ್ಲೋದಿಲ್ಲ, ಕಫದಲ್ಲಿ ಬರೋದಿಲ್ಲ, ಶ್ವಾಸಕೋಶದ ತಳಕ್ಕೆ ಹೋಗಿ ಕೂರುತ್ತದೆ. ಅಲ್ಲಿ ಗಾಯ ಮಾಡಿ, ಗಾಯದ ಜಾಗ ಗಟ್ಟಿ ಕಲೆಯಾಗಿ, ಉಸಿರಾಡುವ ಜಾಗವೇ ಕಡಿಮೆಯಾಗುತ್ತಾ ಹೋಗುತ್ತದೆ. ಇದರ ಹೆಸರು ಸಿಲಿಕೋಸಿಸ್. ಇದನ್ನು ವಾಸಿ ಮಾಡುವ ಔಷಧಿ ಇಲ್ಲ. ಕೆಲಸ ಬಿಟ್ಟ ಮೇಲೂ ಬೆಳೆಯಬಹುದು. ಇದಿದ್ದವರಿಗೆ ಟಿ.ಬಿ. ಬೇಗ ಹಿಡಿಯುತ್ತದೆ. ಆಸ್ಪತ್ರೆಯವರು ಟಿ.ಬಿ. ಮಾತ್ರ ಬರೆದುಕೊಂಡು ಕಳಿಸುತ್ತಾರೆ, ಕಲ್ಲಿನ ಧೂಳಿನ ಹೆಸರು ಚೀಟಿಗೆ ಏರುವುದೇ ಇಲ್ಲ.

ಅಮೆರಿಕ ಸರಕಾರ 2016ರಲ್ಲಿ ಒಂದು ಮಿತಿ ಹಾಕಿತು: ದಿನದ ಎಂಟು ಗಂಟೆಯ ಕೆಲಸದಲ್ಲಿ, ಒಂದು ಘನ ಮೀಟರ್ ಗಾಳಿಗೆ ಈ ಸೂಕ್ಷ್ಮ ಸಿಲಿಕಾ 50 ಮೈಕ್ರೋಗ್ರಾಂ ಮೀರಬಾರದು. ಲೆಕ್ಕ ಹಾಕಿ ನೋಡಿ. ಇಂಥ ಧೂಳು ಬರೀ ಒಂದು ಗ್ರಾಂ ಗಾಳಿಗೆ ಸೇರಿದರೆ ಅದನ್ನು ಆ ಮಿತಿಗೆ ಇಳಿಸಲು 20,000 ಘನ ಮೀಟರ್ ಗಾಳಿ ಬೇಕು. ಅಂದರೆ ಹತ್ತಡಿ ಉದ್ದ, ಹತ್ತಡಿ ಅಗಲ, ಹತ್ತಡಿ ಎತ್ತರದ 700 ಕೋಣೆಗಳ ಗಾಳಿ. ನಮ್ಮ ಹುಡುಗ ಕಿಟಕಿ ಮುಚ್ಚಿದ ಒಂದು ಬಚ್ಚಲಲ್ಲಿ ನಿಂತು ದಿನವಿಡೀ ಕೊರೆಯುತ್ತಾನೆ.

ಅವನ ಮೂಗಿಗೆ ಏನು ಕಟ್ಟಿದ್ದಾರೆ? ಕರ್ಚೀಪು. ಕರ್ಚೀಪು ದಪ್ಪ ಪುಡಿ ತಡೆಯುತ್ತದೆ, ಅಷ್ಟೆ. ಆಸ್ಪತ್ರೆಯ ನೀಲಿ ಮಾಸ್ಕೂ ಸಾಲದು, ಪಕ್ಕದಿಂದ ಗಾಳಿ ನುಗ್ಗುತ್ತದೆ. ಎನ್-95 ಅಥವಾ ಐಎಸ್ 9473 ಎಂದು ಅಚ್ಚಾದ ಎಫ್‌ಎಫ್‌ಪಿ-2 ಮಾಸ್ಕ್ ಬೇಕು, ಮುಖಕ್ಕೆ ಅಂಟಿ ಕೂರಬೇಕು. ಗಡ್ಡದ ಮೇಲೆ ಕೂರೋದಿಲ್ಲ. ಆದರೆ ಮಾಸ್ಕು ಕೊನೆಯ ಬಾಗಿಲು. ಅದಕ್ಕೆ ಮೊದಲು ಧೂಳನ್ನು ಹುಟ್ಟುವ ಜಾಗದಲ್ಲೇ ಹಿಡಿಯಬೇಕು. ತೂತಿನ ಬಾಯಿಗೆ ಹೊಂದುವ ಕಪ್ಪು, ಅದಕ್ಕೆ ಸೂಕ್ಷ್ಮ ಧೂಳು ಸೋಸುವ ವ್ಯಾಕ್ಯೂಮ್ ಮಿಷಿನ್. ಇಲ್ಲವೇ ಧೂಳನ್ನು ಒಳಗಿಂದಲೇ ಎಳೆದುಕೊಳ್ಳುವ ಟೊಳ್ಳು ಬಿಟ್ಟು. ಇವೆಲ್ಲ ಅಂಗಡಿಯಲ್ಲಿವೆ. ಕೈಯಲ್ಲಿ ಹಿಡಿಯುವ ಕರೆಂಟು ಮಿಷಿನ್ನಿಗೆ ಮಾತ್ರ ನೀರು ಹೊಯ್ಯಬೇಡಿ, ಧೂಳಿನಿಂದ ಉಳಿದವನು ಷಾಕಿನಿಂದ ಸಾಯ್ತಾನೆ.

ಇನ್ನೊಂದು ಮಾತು. ಕೊರೆಯೋನು ಇಳಿದು ಟೀ ಕುಡಿಯಲು ಹೋದ ಮೇಲೆ ಆ ಕೋಣೆ ಗುಡಿಸೋರು ಯಾರು? ನಮ್ಮ ಅಕ್ಕಂದಿರು. ಒಣ ಪೊರಕೆಯಲ್ಲಿ ಗುಡಿಸಿದರೆ ಕೂತ ಧೂಳೆಲ್ಲ ಮತ್ತೆ ಎದ್ದು ಅವರ ಎದೆಗೇ ಹೋಗುತ್ತದೆ. ಮಿಷಿನ್ನಿನ ಪ್ಲಗ್ ಕಿತ್ತ ಮೇಲೆ ನೀರು ಚಿಮುಕಿಸಿ ಗುಡಿಸಬೇಕು. ಮಾಸ್ಕು ಅವರಿಗೂ ಬೇಕು. ಹೆಲ್ಪರ್ ಅಂತ ಕೂಲಿಯಲ್ಲೂ ಕಡಿಮೆ, ಮಾಸ್ಕಿನಲ್ಲೂ ಇಲ್ಲ ಅಂದರೆ ಅದೆಂಥ ಲೆಕ್ಕ?

ಗೊತ್ತಿದ್ದೇ ಮಾಡಿದರು

ಇದೆಲ್ಲ ಈಚೆಗೆ ಗೊತ್ತಾದದ್ದು, ಪಾಪ ಯಾರಿಗೂ ತಿಳಿದಿರಲಿಲ್ಲ ಅಂತ ಹೇಳುವವರಿಗೆ ಎರಡು ಊರಿನ ಕತೆ ಹೇಳುತ್ತೇವೆ.

ಮೊದಲು ನಮ್ಮದೇ ಕೋಲಾರ. 1880ರಲ್ಲಿ ಜಾನ್ ಟೇಲರ್ ಕಂಪನಿ ಬಂದು ಚಿನ್ನ ತೆಗೆಯಲು ಶುರು ಮಾಡಿತು. ಉತ್ತರ ಆರ್ಕಾಟಿನಿಂದ, ಚಿತ್ತೂರಿನಿಂದ ಬಂದ ಜನ, ಹೆಚ್ಚಿನವರು ದಲಿತರು, ಭೂಮಿಯೊಳಗೆ ಇಳಿದು ಕಲ್ಲು ಕೊರೆದರು. ಕೊರೆಯುತ್ತಾ ಕೊರೆಯುತ್ತಾ ಚಾಂಪಿಯನ್ ರೀಫ್ ಗಣಿ ಮೂರು ಕಿಲೋಮೀಟರಿಗಿಂತ ಆಳಕ್ಕೆ ಹೋಯಿತು. ಆ ಬೆಣಚು ಕಲ್ಲಿನ ಧೂಳು ಅವರ ಎದೆಯಲ್ಲಿ ಕೂತಿತು. 1940ರ ದಶಕದಲ್ಲಿ ಅಲ್ಲಿನ ಕಾರ್ಮಿಕರ ಸಿಲಿಕೋಸಿಸ್ ವೈದ್ಯಕೀಯ ದಾಖಲೆಗೆ ಬಂತು. ಈ ರೋಗದ ಬಗ್ಗೆ ಇಂಡಿಯಾದಲ್ಲಿ ಬರೆಯುವವರೆಲ್ಲ ಇವತ್ತಿಗೂ ಕೋಲಾರದಿಂದಲೇ ಶುರು ಮಾಡುತ್ತಾರೆ. 2001ರ ಫೆಬ್ರವರಿ 28ರಂದು ಗಣಿ ಮುಚ್ಚಿತು. ಚಿನ್ನ ಲಂಡನ್ನಿಗೆ, ಡೆಲ್ಲಿಗೆ ಹೋಯಿತು. ಕೊರೆದವರ ಮಕ್ಕಳಿಗೆ ಉಳಿದದ್ದು ಸಯನೈಡ್ ದಿಬ್ಬ.

ಎರಡನೆಯದು ಅಮೆರಿಕದ ವೆಸ್ಟ್ ವರ್ಜೀನಿಯಾ. 1930ರಲ್ಲಿ ಯೂನಿಯನ್ ಕಾರ್ಬೈಡ್ ಕಂಪನಿಗೆ ಕರೆಂಟು ಒದಗಿಸಲು ಹಾಕ್ಸ್ ನೆಸ್ಟ್ ಅನ್ನುವ ಕಡೆ ಬೆಟ್ಟದೊಳಗೆ ಸುರಂಗ ಕೊರೆಯಲು ಹಿಡಿದರು. ಒಳಗೆ ಕೆಲಸ ಮಾಡಿದವರಲ್ಲಿ ಬಹುಪಾಲು ಕರಿಯ ಜನ, ದಕ್ಷಿಣದ ರಾಜ್ಯಗಳಿಂದ ಹೊಟ್ಟೆಪಾಡಿಗೆ ಬಂದವರು. ಕಲ್ಲು ಶುದ್ಧ ಸಿಲಿಕಾ. ನೀರು ಹಾಯಿಸಿದರೆ ಕೆಲಸ ನಿಧಾನ ಅಂತ ಒಣಗಲ್ಲನ್ನೇ ಕೊರೆಸಿದರು. ತನಿಖೆಗೆ ಬಂದ ದೊಡ್ಡ ಸಾಹೇಬರು ಮಾಸ್ಕ್ ಹಾಕಿಕೊಂಡು ಒಳಗೆ ಬರುತ್ತಿದ್ದರು, ಕೊರೆಯುವವರಿಗೆ ಮಾಸ್ಕ್ ಇರಲಿಲ್ಲ ಅಂತ ಸಾಕ್ಷಿ ಹೇಳಿದವರಿದ್ದಾರೆ. 1936ರಲ್ಲಿ ಅವರ ಪಾರ್ಲಿಮೆಂಟಿನ ಸಮಿತಿ ವಿಚಾರಣೆ ಮಾಡಿದಾಗ 476 ಸಾವಿನ ಲೆಕ್ಕ ಬಂತು. 1986ರಲ್ಲಿ ಮಾರ್ಟಿನ್ ಚೆರ್ನಿಯಾಕ್ ಎಂಬ ಡಾಕ್ಟರು ಪುಸ್ತಕ ಬರೆದು, ಸತ್ತವರು 764 ಇರಬೇಕು ಅಂತ ಅಂದಾಜು ಕೊಟ್ಟರು. ಕಂಪನಿಯ ಹೆಸರು ಎಲ್ಲೋ ಕೇಳಿದ ಹಾಗಿದೆಯೇ? ಹೌದು, 1984ರ ಡಿಸೆಂಬರ್‌ನಲ್ಲಿ ಭೋಪಾಲಿಗೆ ವಿಷಗಾಳಿ ಬಿಟ್ಟ ಕಾರ್ಖಾನೆ ಇದೇ ಯೂನಿಯನ್ ಕಾರ್ಬೈಡಿನ ಕೂಸು.

ನೀರಿನ ಉಪಾಯ ಆಗ ಇರಲಿಲ್ಲವೇ? ಇತ್ತು. 1890ರ ದಶಕದ ಕೊನೆಗೇ ಕೊಲರಾಡೊದ ಲೇನರ್ ಎಂಬುವನು ಟೊಳ್ಳು ಕೋಲಿನ ಡ್ರಿಲ್ ಮಾಡಿದ್ದ. ಮೊದಲು ಆ ಕೋಲಿನೊಳಗೆ ಬರೀ ಗಾಳಿ ಊದಿಸಿದ. ಧೂಳು ಇನ್ನೂ ಜಾಸ್ತಿಯಾಯಿತು. ಗಣಿ ಕಾರ್ಮಿಕರು ಆ ಮಿಷಿನ್ ಮುಟ್ಟೋದಿಲ್ಲ ಅಂದರು. ಆಮೇಲೆ ಅವನು ಗಾಳಿಯ ಜೊತೆ ನೀರು ಹಾಯಿಸಿದ, ಧೂಳು ಕೆಸರಾಗಿ ಕೆಳಗಿಳಿಯಿತು. ಗೆಳೆಯರೇ, ಇದನ್ನು ಎರಡು ಸಲ ಓದಿ. ಕಾರ್ಮಿಕರು ಮುಟ್ಟೋದಿಲ್ಲ ಅಂದದ್ದಕ್ಕೆ ಮಿಷಿನ್ ಬದಲಾಯಿತು. ಅದಾಗಿ ಮೂವತ್ತು ವರ್ಷದ ಮೇಲೆ ಹಾಕ್ಸ್ ನೆಸ್ಟಿನಲ್ಲಿ ಒಣಗಲ್ಲು ಕೊರೆಸಿದರು ಅಂದರೆ ಅದನ್ನು ಅಜಾಗರೂಕತೆ ಅನ್ನಬೇಕೋ, ಕೊಲೆ ಅನ್ನಬೇಕೋ ನೀವೇ ಹೇಳಿ.

ಕರೆಂಟು, ಕೈ, ಕಿವಿ

ಸೈಟಿನಲ್ಲಿ ಎಂಸಿಬಿ ಇದೆ, ಏನೂ ಆಗೋದಿಲ್ಲ ಅಂತಾರೆ. ಸುಳ್ಳು. ಎಂಸಿಬಿ ಕಾಯುವುದು ವೈರನ್ನು. 16 ಆಂಪಿಯರ್ ದಾಟಿದ ಮೇಲೆ ಅದು ಬೀಳುವುದು. ಮನುಷ್ಯನ ಎದೆ ನಿಲ್ಲಲು ಒಂದು ಆಂಪಿಯರಿನ ಹತ್ತರಲ್ಲಿ ಒಂದು ಭಾಗ ಸಾಕು. ಮನುಷ್ಯನನ್ನು ಕಾಯುವುದು 30 ಮಿಲಿಆಂಪಿಯರಿನ ಆರ್‌ಸಿಸಿಬಿ. ಅದಕ್ಕೆ ಟೆಸ್ಟ್ ಅನ್ನುವ ಗುಂಡಿ ಇರುತ್ತದೆ. ಕೆಲಸಕ್ಕೆ ಮೊದಲು ಒತ್ತಿ ನೋಡಿ. ಬೀಳದಿದ್ದರೆ ಮಿಷಿನ್ ಮುಟ್ಟಬೇಡಿ. ವೈರಿನ ತುದಿ ಸುಲಿದು ಬೆಂಕಿಕಡ್ಡಿ ಚುಚ್ಚಿ ಕರೆಂಟು ತೆಗೆಯುವುದು ಜಾಣತನ ಅಲ್ಲ. ಮಿಷಿನ್ನಿನ ಮೇಲೆ ಚೌಕದೊಳಗೊಂದು ಚೌಕದ ಗುರುತಿದ್ದರೆ ಅದಕ್ಕೆ ಎರಡು ಪದರದ ರಕ್ಷಣೆ ಇದೆ, ಎರಡು ಪಿನ್ ಸಾಕು. ಆ ಗುರುತಿಲ್ಲದ ಮಿಷಿನ್ನಿಗೆ ಮೂರನೇ ಪಿನ್, ಅರ್ಥಿಂಗ್ ಕಡ್ಡಾಯ. ಕೊರೆಯುವ ಮುಂಚೆ ಸ್ವಿಚ್ ಬೋರ್ಡು ಎಲ್ಲಿದೆ ನೋಡಿ. ಅದರಿಂದ ನೇರ ಮೇಲಕ್ಕೆ, ನೇರ ಪಕ್ಕಕ್ಕೆ ವೈರು ಹೋಗಿರುತ್ತದೆ. ಆ ಗೆರೆಯಲ್ಲಿ ಕೊರೆಯಲೇಬೇಕಾದರೆ ಆ ಲೈನು ಆಫ್ ಮಾಡಿಸಿ, ಮಿಷಿನ್ನಿಗೆ ಬೇರೆ ಕಡೆಯಿಂದ ಕರೆಂಟು ತನ್ನಿ.

ಕೈಯ ಕತೆ ಇನ್ನೊಂದು. ದಿನವೂ ಅದುರುವ ಮಿಷಿನ್ ಹಿಡಿದರೆ ಬೆರಳಿನ ಸಣ್ಣ ರಕ್ತನಾಳ, ನರ ಹಾಳಾಗುತ್ತವೆ. ಚಳಿಗೆ ಬೆರಳ ತುದಿ ಬಿಳಿಚಿಕೊಳ್ಳುತ್ತದೆ, ಜೋಮು ಹಿಡಿಯುತ್ತದೆ, ಅಂಗಿಯ ಗುಂಡಿ ಹಾಕಲು ಆಗುವುದಿಲ್ಲ. ಯೂರೋಪಿನಲ್ಲಿ 2002ರ ಒಂದು ಕಾನೂನಿದೆ. ಅದುರಾಟದ ಅಳತೆ 10 ಇರುವ ಮಿಷಿನ್ನನ್ನು ಅರ್ಧ ಗಂಟೆ ಓಡಿಸಿದರೆ ಮಾಲೀಕ ಎಚ್ಚರಿಕೆಯ ಕ್ರಮ ತೆಗೆದುಕೊಳ್ಳಬೇಕು. ದಿನಕ್ಕೆ ಎರಡು ಗಂಟೆ ಮೀರಿ ಒಬ್ಬನ ಕೈಯಲ್ಲಿ ಓಡಿಸಕೂಡದು. ಈ ಅಳತೆ ಎಲ್ಲಿದೆ? ಆ ರದ್ದಿಗೆ ಹೋದ ಪುಸ್ತಕದಲ್ಲಿ ಅಚ್ಚಾಗಿದೆ! ಅಲ್ಲಿನವನಿಗೆ ಎರಡು ಗಂಟೆ, ಇಲ್ಲಿನವನಿಗೆ ಹೊತ್ತು ಮುಳುಗುವ ತನಕ. ನಮ್ಮ ನರ ಕಬ್ಬಿಣದ್ದೇ? ಸದ್ದಿನ ಲೆಕ್ಕವೂ ಹಾಗೇ. 100 ಡೆಸಿಬಲ್ ಸದ್ದನ್ನು ಬರಿಗಿವಿಯಲ್ಲಿ ದಿನಕ್ಕೆ 15 ನಿಮಿಷಕ್ಕಿಂತ ಕೇಳಬಾರದು ಅಂತ ಅಮೆರಿಕದ ಕಾರ್ಮಿಕ ಆರೋಗ್ಯ ಸಂಸ್ಥೆ ಹೇಳುತ್ತದೆ. ರೋಟರಿ ಹ್ಯಾಮರಿನ ಸದ್ದು ಹೆಚ್ಚುಕಡಿಮೆ ಅಷ್ಟಿರುತ್ತದೆ. ಕಿವಿಗೆ ಇಡುವ ಪ್ಲಗ್ಗು ಒಂದು ಟೀ ಕಾಸಿನ ಸಾಮಾನು.

ಕಾನೂನು ಎಲ್ಲಿ ನಿಲ್ಲುತ್ತದೆ

1996ರಲ್ಲಿ ಕಟ್ಟಡ ಕಾರ್ಮಿಕರ ಕಾಯ್ದೆ ಬಂತು. ಅದು ಹೋಗಿ, 2020ರಲ್ಲಿ ಪಾರ್ಲಿಮೆಂಟು ಪಾಸು ಮಾಡಿದ ಸಂಹಿತೆಗಳು 2025ರ ನವೆಂಬರಿನಲ್ಲಿ ಜಾರಿಗೆ ಬಂದಿವೆ. ಕೆಲಸದ ಜಾಗದಲ್ಲಿ ಗಾಯಕ್ಕೆ, ಕಸುಬಿನ ರೋಗಕ್ಕೆ ಕಾರಣವಾಗುವ ಅಪಾಯ ಇರದಂತೆ ನೋಡಿಕೊಳ್ಳುವುದು ಮಾಲೀಕನ ಕರ್ತವ್ಯ ಅಂತ ಸಂಹಿತೆ ಹೇಳುತ್ತದೆ. ಸುರಕ್ಷತೆಯ ಸಾಮಾನಿಗೆ ಕೆಲಸಗಾರನಿಂದ ಕಾಸು ಕೀಳಬಾರದು ಅಂತಲೂ ಹೇಳುತ್ತದೆ. ಅಂದರೆ ಬಟವಾಡೆಯಲ್ಲಿ ಮಾಸ್ಕಿನ ದುಡ್ಡು ಹಿಡಿಯುವ ಮೇಸ್ತ್ರಿ ಕಾನೂನು ಮುರಿಯುತ್ತಿದ್ದಾನೆ. ಸಿಲಿಕೋಸಿಸ್ ಪರಿಹಾರ ಕೊಡಬೇಕಾದ ಕಸುಬಿನ ರೋಗ ಅಂತ ಪಟ್ಟಿಯಲ್ಲಿದೆ. 18 ತುಂಬಿ 60 ದಾಟದವರು, ಹಿಂದಿನ ಹನ್ನೆರಡು ತಿಂಗಳಲ್ಲಿ 90 ದಿನ ಕಟ್ಟಡ ಕೆಲಸ ಮಾಡಿದ್ದರೆ ಕಲ್ಯಾಣ ಮಂಡಳಿಯಲ್ಲಿ ಹೆಸರು ಬರೆಸಬಹುದು.

ಆದರೆ ಸಂಹಿತೆಯ ಸುರಕ್ಷತೆ ಶುರುವಾಗುವುದು ಹತ್ತು ಜನ ಕೆಲಸಗಾರರಿರುವ ಕಡೆಯಿಂದ. ಇಬ್ಬರೇ ಹೋಗಿ ಒಂದು ಮನೆಯ ಬಚ್ಚಲು ಒಡೆದರೆ? ಒಬ್ಬನೇ ಹೋಗಿ ಎ.ಸಿ. ಕೂರಿಸಲು ಗೋಡೆ ಕೊರೆದರೆ? ಹತ್ತು ಜನರ ಧೂಳು ವಿಷ, ಇಬ್ಬರ ಧೂಳು ವಿಭೂತಿಯೇ? ನಮ್ಮ ಹುಡುಗರಲ್ಲಿ ಎಷ್ಟೋ ಜನ ಈ ಇಬ್ಬರ, ಒಬ್ಬರ ಕೆಲಸದಲ್ಲೇ ಇದ್ದಾರೆ.

ನಮ್ಮೊಳಗಿನ ಮಾತು

ಮಾಲೀಕರನ್ನು ಬೈದು ಮುಗಿಸಿದರೆ ಆಗುವುದಿಲ್ಲ. ನಮ್ಮೊಳಗೂ ಒಂದು ರೋಗ ಇದೆ. ಮಾಸ್ಕ್ ಹಾಕಿದವನನ್ನು "ಏನೋ, ಕಲೆಕ್ಟ್ರು ಮಗ" ಅಂತ ಆಡಿಕೊಳ್ಳುವುದು. ಒಂದೇ ಕೈಯಲ್ಲಿ ಮಿಷಿನ್ ಹಿಡಿಯುವುದನ್ನು ಗಂಡಸುತನ ಅನ್ನುವುದು. ಧೂಳಿಗೆ ಬೆಲ್ಲ ತಿಂದರೆ, ಬಾಳೆಹಣ್ಣು ತಿಂದರೆ, ರಾತ್ರಿ ಎರಡು ಗುಟುಕು ಹಾಕಿದರೆ ಸರಿಹೋಗ್ತದೆ ಅನ್ನುವುದು. ಬೆಲ್ಲ ಹೋಗುವುದು ಹೊಟ್ಟೆಗೆ, ಧೂಳು ಹೋಗುವುದು ಎದೆಗೆ. ಎರಡೂ ಎಲ್ಲೂ ಭೇಟಿ ಆಗೋದಿಲ್ಲ. ಹೆಂಡದ ಕತೆ ಹೇಳುವುದೇ ಬೇಡ. ನಮ್ಮ ಜೀವ ಅಗ್ಗ ಅಂತ ಅವರು ಸಾವಿರ ವರ್ಷ ಹೇಳಿದರು. ಅದನ್ನು ನಾವೇ ನಂಬಿ ನಮ್ಮ ಬಾಯಲ್ಲೇ ಹೇಳುವುದು ಬೇಡ.

"ಕೇಳಿದರೆ ನಾಳೆಯಿಂದ ಬರಬೇಡ ಅಂತಾರೆ" ಅನ್ನುವುದು ನಿಜ. ಒಬ್ಬ ಕೇಳಿದರೆ ಹಾಗೇ ಆಗುತ್ತದೆ. ಅದಕ್ಕೇ ಇಡೀ ಸೈಟು ಒಂದೇ ದಿನ ಕೇಳಬೇಕು.

ಆದ್ದರಿಂದ ನಾವು ಒತ್ತಾಯಿಸುತ್ತೇವೆ:

1. ಡ್ರಿಲ್ ಮಿಷಿನ್ನಿನ ಪುಸ್ತಕ ಕನ್ನಡದಲ್ಲೂ ಅಚ್ಚಾಗಬೇಕು, ಮಿಷಿನ್ನಿನ ಜೊತೆ ಕೆಲಸಗಾರನ ಕೈಗೆ ಬರಬೇಕು.
2. ಪಕ್ಕದ ಹಿಡಿ ಇಲ್ಲದ ಮಿಷಿನ್ ಬಾಡಿಗೆಗೆ ಕೊಡುವುದು ನಿಲ್ಲಬೇಕು.
3. ಮಾಸ್ಕು, ಕನ್ನಡಕ, ಕಿವಿ ಪ್ಲಗ್ಗು, ಧೂಳೆಳೆಯುವ ಮಿಷಿನ್ ಮಾಲೀಕನ ಖರ್ಚಿನಲ್ಲಿ, ಗುಡಿಸುವ ಹೆಂಗಸರಿಗೂ ಸೇರಿ.
4. ಪ್ರತಿ ಸೈಟಿನಲ್ಲಿ ಆರ್‌ಸಿಸಿಬಿ.
5. ಕಲ್ಲು, ಕಾಂಕ್ರೀಟು ಕೊರೆಯುವವರಿಗೆ ವರ್ಷಕ್ಕೊಮ್ಮೆ ಎದೆಯ ಎಕ್ಸ್‌ರೇ, ಉಸಿರಿನ ಪರೀಕ್ಷೆ ಪುಕ್ಕಟೆ.
6. ಹತ್ತು ಜನರ ಮಿತಿ ಹೋಗಬೇಕು. ಒಬ್ಬ ಕೊರೆದರೂ ಕಾನೂನು ಬರಬೇಕು.

ಹಾಸ್ಟೆಲಿನ ಗೆಳೆಯರಿಗೆ, ಗೆಳತಿಯರಿಗೆ ಒಂದು ಕೆಲಸ. ನಿಮಗೆ ಇಂಗ್ಲಿಷು ಬರುತ್ತದೆ, ನಿಮ್ಮ ಅಣ್ಣನಿಗೆ ಬರುವುದಿಲ್ಲ. ಈ ಸಲ ಊರಿಗೆ ಹೋದಾಗ ಅವನ ಮಿಷಿನ್ನಿನ ನಂಬರು ನೋಡಿ, ಅದರ ಪುಸ್ತಕ ಹುಡುಕಿ ತನ್ನಿ. ರಾತ್ರಿ ಊಟ ಆದ ಮೇಲೆ ಕೇರಿಯ ಹತ್ತು ಜನರನ್ನು ಕೂರಿಸಿಕೊಂಡು ಕನ್ನಡದಲ್ಲಿ ಓದಿ ಹೇಳಿ. ಕೆಮ್ಮುವವರು ಇದ್ದರೆ ಆಸ್ಪತ್ರೆಗೆ ಜೊತೆಯಲ್ಲಿ ಹೋಗಿ, "ಇವರು ಇಷ್ಟು ವರ್ಷ ಕಲ್ಲು ಕೊರೆದಿದ್ದಾರೆ" ಅಂತ ಡಾಕ್ಟರ ಬಾಯಿಗೆ ಹಾಕಿ, ಚೀಟಿಯಲ್ಲಿ ಬರೆಸಿ. ಆ ಒಂದು ಸಾಲು ಇಲ್ಲದೆ ಪರಿಹಾರದ ಅರ್ಜಿ ನಿಲ್ಲುವುದಿಲ್ಲ.

ಓದು ಬಂದವರು ಓದು ಬಾರದವರಿಗೆ ಓದಿ ಹೇಳದಿದ್ದರೆ, ಪುಸ್ತಕ ರದ್ದಿಗೆ ಹಾಕಿದ ಕಂಟ್ರಾಕ್ಟರಿಗೂ ನಮಗೂ ಏನು ವ್ಯತ್ಯಾಸ?

ಈ ಹಾಳೆ ಓದಿದ ಮೇಲೆ ಮಡಿಸಿ ಪೆಟ್ಟಿಗೆಯಲ್ಲಿ ಇಡಬೇಡಿ. ಸೈಟಿಗೆ ಹೋಗುವವರ ಜೇಬಿಗೆ ಹಾಕಿ.